ಜೋಗುಳದಕ್ಕ ಬೈದ ದಿನ

ಬಂದರಿನ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಜೋಗುಳದಕ್ಕ ಎಂದು. ಹಾಗಂತ ಅವಳು ಜೀವಮಾನದಲ್ಲಿ ಒಂದು ಕೂಸಿಗೂ ಜೋಗುಳ ಹಾಡಿದವಳಲ್ಲ. ಹಾಡಿದ್ದರೆ ಕೂಸು ತೊಟ್ಟಿಲಿನಿಂದ ಎದ್ದು ಓಡಿಹೋಗುತ್ತಿತ್ತು ಎಂದು ಅವಳ ಸ್ವಂತ ತಮ್ಮನೇ ಹೇಳುತ್ತಿದ್ದ. ಅವಳ ಕೆಲಸ ಬಂದರಿನ ವೈರ್‌ಲೆಸ್ ಕೋಣೆಯಲ್ಲಿ. ಹವಾಮಾನದ ವರದಿ ಬಂದಾಗಲೆಲ್ಲ ಸಮುದ್ರದ ಮೇಲಿರುವ ದೋಣಿಗಳಿಗೆ ಅದನ್ನು ಓದಿ ಹೇಳಬೇಕು, ಇನ್ನೊಂದು ಗುಂಡಿ ಒತ್ತಿ ಬೀದಿಯ ಕಂಬಗಳ ಮೇಲಿನ ಧ್ವನಿವರ್ಧಕಗಳಲ್ಲೂ ಓದಬೇಕು. "ಗಾಳಿಯ ವೇಗ ಹೆಚ್ಚುವ ಸಾಧ್ಯತೆಯಿದ್ದು, ಮೀನುಗಾರರು ಎಚ್ಚರಿಕೆಯಿಂದ ಇರಲು ಸೂಚಿಸಲಾಗಿದೆ." ಇಂಥ ಒಣ ಮಾತನ್ನು ಅವಳು ಎಷ್ಟು ಸಮಾಧಾನವಾಗಿ ಓದುತ್ತಿದ್ದಳೆಂದರೆ, ಕಂಬದ ಕೆಳಗಿನ ಮನೆಗಳಲ್ಲಿ ಅಳುವ ಮಕ್ಕಳು ಸುಮ್ಮನಾಗುತ್ತಿದ್ದವು, ಊಟ ಮುಗಿಸಿದ ಗಂಡಸರು ಕೂತಲ್ಲೇ ತೂಕಡಿಸುತ್ತಿದ್ದರು. ದೋಣಿಗಳಲ್ಲೂ ಅಷ್ಟೇ. ಅಕ್ಕನ ಸ್ವರ ಕೇಳಿಸಿತು ಅಂದರೆ ಸರಿ, ಊರು ಇದ್ದ ಕಡೆಯೇ ಇದೆ ಎಂದು ಅವರಿಗೆ ನೆಮ್ಮದಿ. ಅವಳು ಓದಿದ್ದೇನು ಎಂದು ಕೇಳಿದರೆ ಒಬ್ಬನಿಗೂ ಗೊತ್ತಿಲ್ಲ!

ಮನೆಗೆ ಬಂದರೆ ಮಾತ್ರ ಅವಳು ಬೇರೆಯೇ ಹೆಂಗಸು. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಅವಳು ಬಾಯಿ ತೆರೆದರೆ ಎದುರು ಮನೆಯ ಬೆಕ್ಕು ಹಂಚಿನಿಂದ ಹಂಚಿಗೆ ಹಾರಿ ಮಾಯವಾಗುತ್ತಿತ್ತು. ಅಮ್ಮ ಬೇಗ ತೀರಿಕೊಂಡಿದ್ದಳು, ಅಪ್ಪ ಯಾವಾಗಲೂ ಸಮುದ್ರದ ಮೇಲೆ. ತಮ್ಮನನ್ನು ಬೆಳೆಸಿದ್ದು ಅವಳೇ, ಬೈದು ಬೈದೇ ಬೆಳೆಸಿದ್ದು. ಸ್ನಾನಕ್ಕೆ ಒಂದು ಬೈಗುಳ, ಊಟಕ್ಕೆ ಒಂದು, ಪುಸ್ತಕ ತೆಗೆಯಲು ಎರಡು. ಒಂದೇ ಕೂಗಿಗೆ ಅವನು ಯಾವ ಕೆಲಸವನ್ನೂ ಮಾಡಿದವನಲ್ಲ, ಅದಕ್ಕೇ ಬೀದಿಯವರು ಅವನಿಗೆ ಮೊಂಡ ಎಂದು ಹೆಸರಿಟ್ಟರು. ಮೊಂಡನಿಗೆ ಮೀಸೆ ಬಂತು, ಮದುವೆಯಾಯಿತು, ಸ್ವಂತ ದೋಣಿಯೂ ಆಯಿತು. ಆದರೂ ಅಕ್ಕ ಹೆಸರು ಹಿಡಿದು ಕೂಗಿದರೆ ಅವನ ಕೈ ತಾನಾಗಿಯೇ ಕಿವಿ ಮುಚ್ಚಿಕೊಳ್ಳಲು ಹೋಗುತ್ತಿತ್ತು.

ಇಂಥ ಬಾಯಿಯವಳು ಕೆಲಸದಲ್ಲಿ ಬೆಣ್ಣೆಯಾದದ್ದು ಹೇಗೆ? ಅದನ್ನು ಕಲಿಸಿದವರು ಅವಳಿಗಿಂತ ಮೊದಲು ಆ ಕುರ್ಚಿಯಲ್ಲಿ ಕೂತಿದ್ದ ಹಿರಿಯರು. ಮೊದಲ ದಿನವೇ ಅವರು ಹೇಳಿದ್ದರು: "ನೋಡಮ್ಮ, ನೀರಿನ ಮೇಲಿರೋನಿಗೆ ಅವನ ಭಯಾನೇ ಬೇಕಾದಷ್ಟಿರುತ್ತೆ. ನಿನ್ನದನ್ನೂ ಸೇರಿಸಿ ಕಳಿಸಬೇಡ. ಬರೆದಿದ್ದನ್ನ ಓದು, ಉಸಿರು ಕೂಡ ನಡುಗಬಾರದು." ಅವಳು ಅದನ್ನು ಅಚ್ಚುಕಟ್ಟಾಗಿ ಕಲಿತಳು. ಬಲಗೈಯಲ್ಲಿ ಮೈಕು, ಎಡಗೈ ಮೇಜಿನ ಅಂಚಿನ ಕೆಳಗೆ, ಬೆನ್ನು ನೆಟ್ಟಗೆ. ಅಪ್ಪ ಸಮುದ್ರದಲ್ಲಿದ್ದಾಗಲೂ ಹಾಗೇ ಓದಿದಳು, ಅಪ್ಪ ಹೋದ ಮೇಲೆ ತಮ್ಮ ಸಮುದ್ರಕ್ಕಿಳಿದಾಗಲೂ ಹಾಗೇ ಓದಿದಳು. ಎಡಗೈ ಕೆಳಗೇನು ಮಾಡುತ್ತಿದೆ ಎಂದು ಯಾರೂ ಬಗ್ಗಿ ನೋಡಲಿಲ್ಲ. ಯಾಕೆ ನೋಡಬೇಕು?

ಆ ವಾರದ ಚಂಡಮಾರುತ ಹುಟ್ಟಿದಾಗ ಯಾರಿಗೂ ಬೇಡದ ಕೂಸಿನ ಹಾಗೆ ದೂರದಲ್ಲೆಲ್ಲೋ ಇತ್ತು. ಗೋಡೆಯ ಮೇಲೆ ಸಮುದ್ರದ ದೊಡ್ಡ ನಕ್ಷೆ. ಪ್ರತಿ ವರದಿಗೂ ಅಕ್ಕ ಅದರ ಮೇಲೆ ಒಂದು ಕೆಂಪು ಗುಂಡುಸೂಜಿ ಚುಚ್ಚುತ್ತಿದ್ದಳು. ಸೂಜಿಗೂ ದಡಕ್ಕೂ ನಡುವೆ ಎಷ್ಟು ದೂರ ಎಂದು ಲೆಕ್ಕ ಹಾಕಲು ಅಳತೆಪಟ್ಟಿ ಇತ್ತು, ಆದರೂ ಅವಳು ಕೈಯಿಟ್ಟೇ ನೋಡುತ್ತಿದ್ದಳು. ಮೊದಲು ಎರಡು ಗೇಣಿಗಿಂತ ಹೆಚ್ಚಿತ್ತು. ವರದಿಯೂ ಅದು ಪಕ್ಕಕ್ಕೆ ಸರಿದು ಹೋಗಬಹುದು ಎಂದೇ ಹೇಳಿತ್ತು. ಹೆಚ್ಚಿನ ದೋಣಿಗಳು ಹಿಡಿದ ಮೀನು ಮಾರಲೆಂದು ಹೇಗೂ ದಡ ಸೇರಿದ್ದವು. ಉಳಿದವು ನಾಲ್ಕೈದು. ಅದರಲ್ಲಿ ಎಲ್ಲರಿಗಿಂತ ಆಚೆ ಇದ್ದವನು ಯಾರು ಅಂತೀರಿ? ಮೊಂಡನೇ. ಮೀನು ರಾಶಿ ರಾಶಿ ಸಿಗುತ್ತಿದೆಯಂತೆ, ಹೋದ ಸಲದ ಗಾಳಿಯೂ ಹೀಗೇ ಹೆದರಿಸಿ ಬೇರೆ ಕಡೆ ಹೋಯಿತಂತೆ.

ಮಾರನೆಯ ದಿನ ಬೆಳಿಗ್ಗೆ ಬಂದ ವರದಿಯನ್ನು ಅಕ್ಕ ಎರಡು ಸಲ ಓದಿದಳು. ಚಂಡಮಾರುತ ಒಂದೇ ರಾತ್ರಿಯಲ್ಲಿ ಎರಡರಷ್ಟು ಬಲಿತಿತ್ತು, ನೇರ ಈ ದಡಕ್ಕೇ ಮುಖ ತಿರುಗಿಸಿತ್ತು. ಹೊಸ ಸೂಜಿ ಚುಚ್ಚಿ ಕೈಯಿಟ್ಟಳು. ಒಂದೇ ಗೇಣು. ಅವಳು ಕುರ್ಚಿಗೆ ಬಂದು, ಬೆನ್ನು ನೆಟ್ಟಗೆ ಮಾಡಿ, ಎಡಗೈ ಮೇಜಿನ ಕೆಳಗಿಟ್ಟು, ಮೈಕು ಹಿಡಿದು ಓದಿದಳು. "ತೀವ್ರ ಸ್ವರೂಪದ ಚಂಡಮಾರುತವು ಕರಾವಳಿಯತ್ತ ಸಾಗುತ್ತಿದ್ದು, ಸಮುದ್ರದಲ್ಲಿರುವ ಎಲ್ಲ ದೋಣಿಗಳೂ ಕೂಡಲೇ ದಡಕ್ಕೆ ಮರಳಲು ಸೂಚಿಸಲಾಗಿದೆ." ಸ್ವರದಲ್ಲಿ ಒಂದು ಎಳೆಯೂ ಅಲುಗಲಿಲ್ಲ. ಹಿರಿಯರು ಇದ್ದಿದ್ದರೆ ಭೇಷ್ ಅನ್ನುತ್ತಿದ್ದರು.

"ಚೆನ್ನಾಗಿ ಕೇಳಿಸ್ತು ಅಕ್ಕಾ," ಎಂದಿತು ಮೊಂಡನ ಧ್ವನಿ, ಆಕಳಿಕೆಯ ಸಮೇತ. "ಇನ್ನೊಂದೆರಡು ಸಲ ಬಲೆ ಹಾಕ್ಬಿಟ್ಟು ಬರ್ತೀವಿ."

"ಕೂಡಲೇ ಎಂದು ಸೂಚಿಸಲಾಗಿದೆ," ಎಂದಳು ಅಕ್ಕ ಅದೇ ಸ್ವರದಲ್ಲಿ.

"ಆಯ್ತು ಆಯ್ತು."

ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಬೀದಿಗೂ ಆಗಷ್ಟೇ ಓದಿದ್ದಳಲ್ಲ! ಕಂಬದ ಕೆಳಗೆ ಕ್ಷೌರದಂಗಡಿಯವನು ಒಬ್ಬರ ಗಲ್ಲಕ್ಕೆ ನಿಧಾನವಾಗಿ ನೊರೆ ಹಚ್ಚುತ್ತಿದ್ದ. ತಗ್ಗಿನ ಓಣಿಯ ಜನರನ್ನು ಗುಡ್ಡದ ಮೇಲಿನ ಶಾಲೆಗೆ ಒಯ್ಯಲು ಬಂದರಿನ ಸಾಹೇಬರು ತರಿಸಿದ್ದ ಬಸ್ಸು ಖಾಲಿ ನಿಂತಿತ್ತು, ಅದರ ಡ್ರೈವರು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಅಷ್ಟರಲ್ಲಿ ಮೊಂಡನ ಹೆಂಡತಿ ಮೆಟ್ಟಿಲು ಹತ್ತಿ ಬಂದಳು. ತಗ್ಗಿನ ಓಣಿಯ ಕೊನೆಯ ಮನೆ ಅವರದೇ. ಅವಳ ಕೈಯಲ್ಲಿ ಒಗೆದ ಬಟ್ಟೆಯ ಬಕೆಟ್ಟು.

"ಅತ್ತಿಗೆ, ಬಟ್ಟೆ ಒಣಗ್ಹಾಕ್ಲಾ ಬೇಡ್ವಾ? ಮಳೆ ಬರುತ್ತಾ?"

ಅಕ್ಕ ವರದಿಯ ಹಾಳೆಯನ್ನು ಎತ್ತಿ ತೋರಿಸಿದಳು. "ಈಗ ಓದಿದ್ದು ಕೇಳಿಸ್ಲಿಲ್ವೇನೇ?"

"ಕೇಳಿಸ್ತು. ನೀವು ಓದಿದ್ದು ಕೇಳಿ ಅಷ್ಟೇನಿಲ್ಲ ಅನ್ಕೊಂಡೆ. ಅವರೂ ಹಾಗೇ ಹೇಳ್ತಾರೆ ಯಾವಾಗ್ಲೂ. ನಿಜವಾದ ಅಪಾಯ ಇದ್ರೆ ನಮ್ಮಕ್ಕ ಹೀಗೆ ಮಾತಾಡ್ತಾಳಾ, ಕಿರುಚಿ ಊರು ಒಂದು ಮಾಡ್ತಾಳೆ ಅಂತಾರೆ. ದೋಣಿಯವರೆಲ್ಲ ಅದನ್ನೇ ನಂಬ್ಕೊಂಡಿರೋದು."

ಅಯ್ಯೋ ದೇವರೇ! ಇಷ್ಟು ವರ್ಷ ಅವರನ್ನು ಹೆದರಿಸಬಾರದು ಎಂದು ತನ್ನ ಹೆದರಿಕೆಯನ್ನು ನುಂಗಿ ನುಂಗಿ ಓದಿದ್ದಳಲ್ಲ, ಅವರು ಅದನ್ನೇ ಹವಾಮಾನ ಎಂದುಕೊಂಡುಬಿಟ್ಟಿದ್ದರು. ಹಾಳೆಯಲ್ಲಿದ್ದದ್ದು ಯಾರಿಗೂ ಮುಟ್ಟಿರಲಿಲ್ಲ, ಮುಟ್ಟಿದ್ದು ಸ್ವರ ಮಾತ್ರ. ಅಷ್ಟು ಚೆನ್ನಾಗಿ ಮಾಡಿದ ಕೆಲಸವೇ ಈಗ ತಮ್ಮನನ್ನು ನುಂಗಲು ಹೊರಟಿದೆ ಎಂದು ಅವಳಿಗೆ ಹೊಳೆಯಿತು.

ಅದೇ ಹೊತ್ತಿಗೆ ಮುಂದಿನ ವರದಿ ಬಂತು. ಅಕ್ಕ ಸೂಜಿ ಚುಚ್ಚಿದಳು, ಕೈಯಿಟ್ಟಳು. ಗೇಣು ಹೋಗಿ ಮುಷ್ಟಿಯಾಗಿತ್ತು. ವರದಿಯಲ್ಲಿ ಇದ್ದದ್ದನ್ನು ಬಿಟ್ಟು ಒಂದು ಅಕ್ಷರವನ್ನೂ ವೈರ್‌ಲೆಸ್ಸಿನಲ್ಲಿ ಹೆಚ್ಚಿಗೆ ಆಡಬಾರದು ಎಂಬ ಕಟ್ಟುನಿಟ್ಟಿನ ನಿಯಮ ಕೋಣೆಯ ಬಾಗಿಲ ಮೇಲೆಯೇ ಬರೆದಿತ್ತು. ಅವಳು ಕುರ್ಚಿಯಲ್ಲಿ ಕೂತು ಒಂದು ಕ್ಷಣ ಅದನ್ನು ನೋಡಿದಳು. ಮೇಜಿನ ಕೆಳಗಿದ್ದ ಎಡಗೈಯನ್ನು ಮೇಲಕ್ಕೆ ತೆಗೆದಳು. ಎದ್ದು ನಿಂತು, ಎರಡೂ ಕೈಯಲ್ಲಿ ಮೈಕು ಹಿಡಿದು, ಹಿಂದೆಂದೂ ಆ ಕೋಣೆ ಕೇಳದ ಸ್ವರದಲ್ಲಿ ಬಾಯಿ ತೆರೆದಳು.

"ಏಯ್ ಮೊಂಡಾ! ಕಿವಿ ಇದೆಯೇನೋ ನಿಂಗೆ, ಇಲ್ಲ ಅದನ್ನೂ ಮೀನಿಗೆ ಹಾಕಿದ್ಯಾ? ಬಲೆ ಹಾಕ್ತಾನಂತೆ ಬಲೆ! ಅಲ್ಲಿ ಸಾವು ಬಾಯಿ ತೆರ್ಕೊಂಡು ಬರ್ತಾ ಇದೆ, ಇವನಿಗೆ ಆಕಳಿಕೆ! ಈಗ, ಈ ಕ್ಷಣ ದೋಣಿ ತಿರುಗಿಸ್ತೀಯೋ, ಇಲ್ಲ ನಾನೇ ಈಜ್ಕೊಂಡು ಬಂದು ನಿನ್ನ ಕಿವಿ ಹಿಡಿದು ಎಳ್ಕೊಂಡು ಬರ್ಲೋ?"

ವೈರ್‌ಲೆಸ್ಸಿನಲ್ಲಿ ಬರೀ ಗರಗರ. ಬಾಗಿಲಲ್ಲಿ ಮೊಂಡನ ಹೆಂಡತಿಯ ಕೈಯಿಂದ ಬಕೆಟ್ಟು ಜಾರಿ ಒದ್ದೆ ಬಟ್ಟೆಯೆಲ್ಲ ಮೆಟ್ಟಿಲ ಮೇಲೆ ಚೆಲ್ಲಿತು.

"ಅಕ್ಕಾ," ಎಂದಿತು ಕೊನೆಗೆ ಒಂದು ಸಣ್ಣ ಧ್ವನಿ. ಆಕಳಿಕೆ ಎಲ್ಲಿ ಹೋಯಿತೋ! "ಬಲೆ ನೀರಲ್ಲಿದೆ ಅಕ್ಕಾ."

"ಕಡಿದು ಬಿಸಾಕೋ ಅದನ್ನ! ಬಲೆಯಂತೆ! ನಿನ್ನ ಹೆಂಡ್ತಿಗೆ ನಾನು ಬಲೆ ತೋರಿಸಿ ಸಮಾಧಾನ ಮಾಡ್ಲಾ?"

"ಬಂದೆ ಅಕ್ಕಾ. ತಿರುಗಿಸ್ದೆ. ಬಂದೆ."

ಹಿಂದೆಯೇ ಇನ್ನೊಂದು ದೋಣಿಯಿಂದ, "ಅಕ್ಕಾ, ನಾವೂ ಹೊರಟ್ವಿ, ನಮ್ಮನ್ನ ಬೈಬೇಡಿ" ಎಂದು ಯಾರೋ ಗೋಗರೆದರು. ಬಿಡುತ್ತಾಳೆಯೇ? ಒಬ್ಬೊಬ್ಬರನ್ನೂ ಹಿಡಿದು ಚಳಿ ಬಿಡಿಸಿದಳು. ಒಬ್ಬನಿಗೆ ಅವನ ಬಸುರಿ ಹೆಂಡತಿಯನ್ನು ನೆನಪಿಸಿದಳು, ಇನ್ನೊಬ್ಬನಿಗೆ ಅವನ ಹಣ್ಣು ಹಣ್ಣು ಮುದುಕಿ ತಾಯಿಯನ್ನು. ಇಂಜಿನ್ನು ಕೆಮ್ಮುತ್ತಿದೆ ಎಂದವನಿಗೆ, "ಕೆಮ್ಮಿದ್ರೆ ಕೆಮ್ಲಿ, ನಿಲ್ಲಿಸ್ಬೇಡ" ಎಂದಳು. ಸದ್ದು ಕೇಳಿ ಸಾಹೇಬರು ಓಡಿ ಬಂದರು. ಬಾಗಿಲ ಮೇಲಿನ ಬರಹದ ಕೆಳಗೇ ನಿಂತು ಸ್ವಲ್ಪ ಹೊತ್ತು ಕೇಳಿದರು. ಮೆಲ್ಲಗೆ ಹಿಂತಿರುಗಿ ಹೋದವರು ಒಂದು ಫ್ಲಾಸ್ಕಿನಲ್ಲಿ ಬಿಸಿನೀರು ತಂದು ಅವಳ ಮುಂದಿಟ್ಟರು.

"ಗಂಟಲು ಜೋಪಾನ," ಎಂದಷ್ಟೇ ಹೇಳಿ, ಬಸ್ಸು ತುಂಬಿಸಲು ಮನೆ ಮನೆ ಬಾಗಿಲು ತಟ್ಟುತ್ತೇನೆಂದು ಹೋದರು.

ಮಧ್ಯಾಹ್ನವೆಲ್ಲ ಅವಳು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಆ ಮೊಂಡುಮುಂಡೇದು ಮತ್ತೆ ಎಲ್ಲಿ ಮೀನು ಕಂಡಿತೆಂದು ನಿಂತುಬಿಡುತ್ತದೋ ಎಂಬ ಭಯ. ಒಂದೊಂದೇ ದೋಣಿ ಅಲೆ ಹತ್ತಿ ಇಳಿದು ಬಂದರಿನ ಬಾಯಿಯೊಳಗೆ ಬಂತು. ಆಕಾಶ ಮಸಿಪಾತ್ರೆಯಾಯಿತು. ಕಿಟಕಿಯ ಗಾಜು ಚೌಕಟ್ಟಿನಲ್ಲಿ ತಟತಟ ಅನ್ನತೊಡಗಿತು. ಎಲ್ಲರೂ ಬಂದರು, ಮೊಂಡ ಬರಲಿಲ್ಲ. ಅವಳ ಸ್ವರ ಸೀಳಿತು, ಆಮೇಲೆ ಸವೆಯಿತು, ಕೊನೆಗೆ ಅವಳು ಬಾಯಿ ಆಡಿಸುತ್ತಿದ್ದಾಳೆ ಎಂಬುದಷ್ಟೇ ಉಳಿಯಿತು. ತಮ್ಮನ ಹೆಂಡತಿ ಕಿಟಕಿಗೆ ಹಣೆ ಹಚ್ಚಿ ನಿಂತಿದ್ದಳು. "ಅವರು ಬರೋ ತನಕ ನಾನು ಬಸ್ಸು ಹತ್ತಲ್ಲ ಅತ್ತಿಗೆ" ಎಂದು ಮೊದಲೇ ಹೇಳಿಬಿಟ್ಟಿದ್ದಳು. ಅವಳೇ ಮೊದಲು ಕಂಡಳು. "ಅಗೋ! ಅತ್ತಿಗೆ, ಅಗೋ!" ಎಂದು ಕಿರುಚಿ ಮೆಟ್ಟಿಲಿಳಿದು ಓಡಿದಳು.

ಮೊಂಡ ಮೇಲೆ ಬಂದಾಗ ಅವನ ಮೈಯಿಂದ ನೀರು ಸುರಿಯುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿದ್ದವು. ಬಾಗಿಲಲ್ಲೇ ಎರಡೂ ಕಿವಿ ಹಿಡಿದುಕೊಂಡು ನಿಂತ. "ಬೈ ಅಕ್ಕಾ. ಎಷ್ಟು ಬೇಕಾದ್ರೂ ಬೈ." ಅಕ್ಕ ಬಾಯಿ ತೆರೆದಳು. ಗಾಳಿ ಬಂತೇ ಹೊರತು ಸ್ವರ ಬರಲಿಲ್ಲ. ಕೈಯೆತ್ತಿದಳು, ಅದೂ ಹೊಡೆತವಾಗದೆ ಅವನ ಒದ್ದೆ ತಲೆಯ ಮೇಲೆ ಸುಮ್ಮನೆ ಕೂತಿತು.

ಆಗಲೇ ಕೊನೆಯ ವರದಿ ಬಂದದ್ದು. ಅಕ್ಕ ಅದನ್ನು ಕಣ್ಣಲ್ಲೇ ಓದಿ, ಕಿಟಕಿಯಾಚೆ ನೋಡಿದಳು. ಬಸ್ಸಿನಲ್ಲಿ ಇನ್ನೂ ಅರ್ಧ ಜನವಿರಲಿಲ್ಲ. ಅವಳ ಬೈಗುಳವೆಲ್ಲ ದೋಣಿಗಳಿಗೆ ಹೋಗಿತ್ತು, ಕಂಬಗಳ ಗುಂಡಿ ಒತ್ತುವುದು ಆ ಗಡಿಬಿಡಿಯಲ್ಲಿ ಅವಳಿಗೆ ಮರೆತೇ ಹೋಗಿತ್ತು. ಬೀದಿಯವರ ಕಿವಿಯಲ್ಲಿ ಬೆಳಗಿನ ಜೋಗುಳವೇ ಉಳಿದಿತ್ತು, ಸಾಹೇಬರು ಬಾಗಿಲು ತಟ್ಟಿದ ಕಡೆಯಲ್ಲೆಲ್ಲ ಮನೆಯವರು ಅಕ್ಕ ಸಮಾಧಾನವಾಗೇ ಓದಿದ್ಳಲ್ಲ ಎಂದು ಹೇಳಿ ಕದ ಹಾಕಿಕೊಂಡಿದ್ದರು. ಅಕ್ಕ ತಮ್ಮನ ರಟ್ಟೆ ಹಿಡಿದು ತನ್ನ ಕುರ್ಚಿಯಲ್ಲಿ ಕೂರಿಸಿದಳು, ಹಾಳೆಯನ್ನು ಅವನ ಮುಂದಿಟ್ಟು, ಕಂಬಗಳ ಗುಂಡಿಯನ್ನು ತಾನೇ ಒತ್ತಿದಳು.

"ನಾನಾ?" ಎಂದ ಅವನು. ಅವಳು ಕಣ್ಣು ಬಿಟ್ಟಳು. ಅಷ್ಟು ಸಾಕಿತ್ತು.

ಅವನು ಓದತೊಡಗಿದ. "ಅತಿ ತೀವ್ರ ಚಂಡಮಾರುತವು ಕತ್ತಲಾಗುವುದರೊಳಗೆ ದಡಕ್ಕೆ ಅಪ್ಪಳಿಸಲಿದ್ದು..." ಎಂಬಲ್ಲಿ ಒಂದು ಸಲ ನಿಂತ. ಇಂಥ ವಾಕ್ಯಗಳನ್ನು ಅವನು ಎಷ್ಟು ಸಲ ಕೇಳಿದ್ದನೋ! ಒಂದು ಸಲವೂ ಅವುಗಳಲ್ಲಿ ಹೀಗೊಂದು ಅರ್ಥವಿದೆ ಎಂದು ಅನಿಸಿರಲಿಲ್ಲ. "ಮನೆಯ ಎತ್ತರದ ಅಲೆಗಳು ಏಳಲಿವೆ. ತಗ್ಗಿನ... ತಗ್ಗಿನ ಓಣಿಗಳಿಗೆ ನೀರು ನುಗ್ಗಲಿದ್ದು, ಜೀವಹಾನಿಯ..." ಸ್ವರ ನಡುಗಿತು. ಹಿಡಿತ ಸಿಗಲೆಂದು ಅವನ ಎಡಗೈ ತಾನಾಗಿಯೇ ಮೇಜಿನ ಅಂಚಿನ ಕೆಳಗೆ ಹೋಯಿತು. ಅಲ್ಲಿ ಅವನ ಬೆರಳುಗಳಿಗೆ ಗುಳಿಗಳು ಸಿಕ್ಕವು. ಅಕ್ಕಪಕ್ಕದ ಮರವೆಲ್ಲ ಒರಟು, ಅಲ್ಲಿ ಮಾತ್ರ ನಾಲ್ಕು ಬೆರಳಿನಗಲ ಸವೆದು ನುಣುಪಾಗಿತ್ತು, ಉಗುರು ಊರಿದ ಗೀರುಗಳಿದ್ದವು. ಅವನು ತಲೆಯೆತ್ತಿ ಅಕ್ಕನನ್ನು ನೋಡಿದ. ಅವಳು ಬೇರೆ ಕಡೆ ನೋಡಿದಳು.

ಉಳಿದದ್ದನ್ನು ಅವನು ಅಳುತ್ತಲೇ ಓದಿದ. ಬೀದಿಯಲ್ಲಿ ಒಂದೊಂದಾಗಿ ಬಾಗಿಲುಗಳು ತೆರೆದವು. ಜೋಗುಳದಕ್ಕನ ಕಂಬದಿಂದ ಗಂಡಸೊಬ್ಬ ಅಳುವುದು ಕೇಳಿದ ಮೇಲೆ ಯಾರು ಮನೆಯೊಳಗೆ ಕೂರುತ್ತಾರೆ? ಮಕ್ಕಳನ್ನು ಸೊಂಟದ ಮೇಲೆ, ಗಂಟುಗಳನ್ನು ತಲೆಯ ಮೇಲೆ ಹೊತ್ತು ಜನ ಬಸ್ಸಿಗೆ ಓಡಿದರು. ಗಾಢ ನಿದ್ದೆಯ ಡ್ರೈವರಿಗೂ ಎಚ್ಚರವಾಯಿತು.

"ಅಕ್ಕಾ," ಎಂದ ಮೊಂಡ ಮೈಕು ಇಟ್ಟು, "ನಾನು ನೀರಿನ ಮೇಲಿದ್ದಾಗೆಲ್ಲ ನೀನು ಹೀಗೆ ಹಿಡ್ಕೊಂಡು ಓದ್ತಿದ್ದೆಯಾ?"

ಅಕ್ಕ ಕುರ್ಚಿಯ ಬೆನ್ನಿನ ಮೇಲಿದ್ದ ಟವೆಲ್ಲನ್ನು ತೆಗೆದು ಅವನ ತಲೆಯನ್ನು ಚಿಕ್ಕಂದಿನ ಹಾಗೆ ಒರಟೊರಟಾಗಿ ಒರೆಸಿದಳು. ದೀಪ ಆರಿಸಿ, ಕೋಣೆಗೆ ಬೀಗ ಹಾಕಿ, ಕೆಳಗೆ ಕಾದಿದ್ದ ಮೊಂಡನ ಹೆಂಡತಿಯೊಡನೆ ಎಲ್ಲರಿಗಿಂತ ಕೊನೆಯಲ್ಲಿ ಬಸ್ಸು ಹತ್ತಿದರು. ಗುಡ್ಡ ಹತ್ತುವಷ್ಟು ಹೊತ್ತೂ ಮೊಂಡ ಅವಳ ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡೇ ಕೂತಿದ್ದ. ಜನರೆದುರು ಇದೇನೋ ನಾಟಕ, ಬಿಡೋ ಎಂದು ಗದರಲು ಅವಳು ಬಾಯಿ ತೆರೆದಳು. ಸ್ವರ ಬರಲಿಲ್ಲ. ಕೈಯನ್ನು ಅವಳು ಬಿಡಿಸಿಕೊಳ್ಳಲೂ ಇಲ್ಲ.