ಕಪ್ಪು ಬಟ್ಟೆಗೆ ಹತ್ತದ ಸುಣ್ಣ

ಸುಣ್ಣ ಬಳಿಯುವುದು ಕೈ ಇದ್ದವರಿಗೆಲ್ಲ ಬರುತ್ತದೆ, ಕೆರೆಯುವುದು ಎದೆ ಇದ್ದವನಿಗೆ ಮಾತ್ರ ಎಂದು ನಮ್ಮ ಬೀದಿಯ ಸುಣ್ಣದ ಮೇಸ್ತ್ರಿ ಹೇಳುತ್ತಿದ್ದ. ಹಳೆಯ ಬಣ್ಣ, ಅಂಟಿಸಿದ ಕಾಗದ, ಹುಡುಗ ಹುಡುಗಿಯರು ಕದ್ದು ಬರೆದ ಹೆಸರು, ಅವನ ಕೆರೆಯುವ ತಗಡಿನ ಮುಂದೆ ಯಾವುದಕ್ಕೂ ಉಳಿಗಾಲವಿರಲಿಲ್ಲ. ಬರಿ ಗಾರೆ ಕಾಣುವ ತನಕ ಕೆರೆಯುತ್ತಿದ್ದ. ಆಮೇಲೆ ಮೂರು ದಿನ ಅರಳಿಸಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಅಂಟು ಬೆರೆಸಿ, ಎರಡು ಸಲ ಬಳಿಯುತ್ತಿದ್ದ. ಒಣಗಿದ ಮೇಲೆ ಮನೆಯವರ ಕೈಗೆ ಒಂದು ಕಪ್ಪು ಬಟ್ಟೆ ಕೊಟ್ಟು, "ಉಜ್ಜಿ ನೋಡ್ರಿ. ಒಂದು ಚುಕ್ಕೆ ಬಿಳಿ ಹತ್ತಿದ್ರೆ ಕೂಲಿ ಬೇಡ" ಅನ್ನುತ್ತಿದ್ದ.

ಈ ಹಟಕ್ಕೆ ಕಾರಣವಿತ್ತು. ಹರೆಯದಲ್ಲಿ ಒಂದು ಮದುವೆ ಮನೆಯ ಗೋಡೆಗೆ, ಅವಸರದಲ್ಲಿ, ಕೆರೆಯದೆ ಸುಣ್ಣ ಹೊಡೆದಿದ್ದ. ಕೆಳಗಿದ್ದುದು ಎಣ್ಣೆ ಬಣ್ಣ. ಎಣ್ಣೆ ಬಣ್ಣದ ಮೇಲೆ ಸುಣ್ಣ ಕೂರುವುದಿಲ್ಲ. ಗಂಡಿನ ತಂದೆ ಕಪ್ಪು ಕೋಟಿನಲ್ಲಿ ಒರಗಿ ಕೂತು ಎದ್ದಾಗ ಅರ್ಧ ಗೋಡೆ ಅವರ ಬೆನ್ನ ಮೇಲಿತ್ತು. ಹಾವು ಪೊರೆ ಬಿಟ್ಟ ಹಾಗೆ ಇವನ ಗೋಡೆ ಸುಣ್ಣ ಬಿಡುತ್ತದೆ ಎಂದು ಜನ ಅವನಿಗೆ 'ಪೊರೆ ಮೇಸ್ತ್ರಿ' ಎಂದು ಹೆಸರಿಟ್ಟರು. ಆ ಹೆಸರನ್ನು ಹೂಳಲು ಅವನಿಗೆ ಹತ್ತು ವರ್ಷ ಹಿಡಿಯಿತು.

ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡಳು. ಅಳಿಯ ಇನ್ನೊಂದು ಸಂಸಾರ ಕಟ್ಟಿಕೊಂಡು ಹೋದ. ಮೂರು ವರ್ಷದ ಮೊಮ್ಮಗಳು ಮೇಸ್ತ್ರಿಯ ಪಾಲಿಗೆ ಬಂದಳು. ಮನೆಯಲ್ಲಿದ್ದ ತಾಯಿಯ ಫೋಟೊ ಒಂದೇ. ಅದರಲ್ಲೂ ಆ ಪುಣ್ಯಾತ್ಗಿತ್ತಿ ಕಣ್ಣು ಮುಚ್ಚಿಕೊಂಡಿದ್ದಳು.

ಮೊಮ್ಮಗಳು ಹೈಸ್ಕೂಲು ಸೇರಿದ ಮೇಲೆ ಅಲ್ಲಿಗೊಬ್ಬಳು ಡ್ರಾಯಿಂಗ್ ಟೀಚರ್ ಬಂದಳು. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಬೀದಿಗೆ ಕಳಿಸುತ್ತಿದ್ದಳು. ಮನೆಮನೆಗೆ ಹೋಗಿ, ಈ ಬೀದಿ ಯಾರನ್ನು ನೆನೆಯುತ್ತದೆ ಎಂದು ಕೇಳಿಕೊಂಡು ಬಂದು, ಅವರನ್ನು ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ಬರೆಯಬೇಕು. ಮೊಮ್ಮಗಳು ಬೇರೆ ಯಾರ ಬಗ್ಗೆ ಕೇಳಿಯಾಳು?

"ತಾತ, ಅಮ್ಮ ಹೆಂಗಿದ್ಲು?"

"ಎಲ್ಲಾರ ಹಂಗೇ. ಎರಡು ಕಣ್ಣು, ಒಂದು ಮೂಗು."

"ಮೂಗು ಒಂದೇನಾ? ತಡಿ, ಬರ್ಕೋತೀನಿ."

"ನಿನ್ನ ನಾಲಗೆಗೆ ಸುಣ್ಣ ಬಳೀಬೇಕು ಕಣೇ" ಎಂದು ಮೇಸ್ತ್ರಿ ಎದ್ದು ಹೋದ.

ಹುಡುಗಿ ಬೀದಿಯನ್ನೇ ಕೇಳಿದಳು. ಮುಂದಿನ ಹಲ್ಲೊಂದು ತುಸು ಓರೆ ಎಂದು ದರ್ಜಿ ಹೇಳಿದ. ನಗುವಾಗ ಗಲ್ಲ ಎತ್ತುತ್ತಿದ್ದಳು ಎಂದು ಹಾಲಿನವಳು ತೋರಿಸಿಕೊಟ್ಟಳು. ಎಡ ಹುಬ್ಬಿನ ಮೇಲಿನ ಗಾಯದ ಗುರುತನ್ನು ಕೊಟ್ಟವಳು ಹಿಟ್ಟಿನ ಗಿರಣಿಯ ಅಕ್ಕ. "ನಿಮ್ಮಮ್ಮ ಆರು ವರ್ಷದೋಳಿದ್ದಾಗ ಏಣಿ ಹಿಡ್ಕೊಂಡಿದ್ಲು. ಮೇಲಿಂದ ನಿಮ್ಮ ತಾತನ ತಗಡು ಜಾರಿ ಬಿತ್ತು. ಅವನು ಹೇಳಲ್ಲ ಬಿಡು."

ಮೂರು ತಿಂಗಳಲ್ಲಿ ಗೋಡೆಯ ಮೇಲೆ ನಲ್ಲಿಯ ಮುಂದೆ ಐದು ಹೆಂಗಸರು ಕೊಡ ಹಿಡಿದು ನಿಂತರು. ಮೂರನೆಯವಳು ಯಾರೋ ಕರೆದಂತೆ ಹಿಂತಿರುಗಿ ಗಲ್ಲ ಎತ್ತಿದ್ದಳು. ಗಿರಣಿ ಅಕ್ಕ ನೋಡಿ, "ಅಯ್ಯೋ, ಈಗ ಬೈತಾಳೆ ನೋಡು ನನ್ನ" ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡಳು. ಮೇಸ್ತ್ರಿ ಬಂದ, ಹುಬ್ಬಿನ ಗುರುತು ನೋಡಿದ, "ಎಣ್ಣೆ ಬಣ್ಣ ದಪ್ಪ ಆಯ್ತು" ಎಂದು ಹೊರಟುಹೋದ. ಆದರೆ ಅಂದಿನಿಂದ ಎಲ್ಲಿ ಕೆಲಸವಿದ್ದರೂ ಆ ಗೋಡೆಯ ಕಡೆಯಿಂದ ಸುತ್ತುಹಾಕಿಯೇ ಮನೆಗೆ ಬರುತ್ತಿದ್ದ.

ಆಮೇಲೆ ಮೇಲಿನ ಸಾಹೇಬರೊಬ್ಬರು ಶಾಲೆ ನೋಡಲು ಬರುತ್ತಾರೆಂದಾಯಿತು. ಹೆಡ್‌ಮಾಸ್ಟರ್ ಗೋಡೆಯತ್ತ ಬೆರಳು ತೋರಿಸಿ, "ಕೊಡ ಹಿಡಿದ ಹೆಂಗಸರನ್ನ ಕಂಡ್ರೆ ನೀರಿಗೂ ಗತಿ ಇಲ್ಲದ ಊರು ಅಂತಾರೆ. ಬಿಳಿ ಮಾಡಿಸಿ" ಎಂದರು. ಟೀಚರ್ ಬೇಡಿಕೊಂಡರೂ ಕೇಳಲಿಲ್ಲ. ಮೇಸ್ತ್ರಿಗೆ ಕರೆ ಹೋಯಿತು.

ಹುಡುಗಿ ಅಳಲಿಲ್ಲ. ತಾತನ ಎದುರು ಕೂತಳು.

"ತಾತ, ಕೆರೀಬೇಡ. ಹಂಗೇ ಬಳಿದುಬಿಡು. ಅವ್ರು ಬಂದು ಹೋದ್ಮೇಲೆ ನಾನು ಒದ್ದೆ ಬಟ್ಟೇಲಿ ಉಜ್ತೀನಿ. ಸುಣ್ಣ ಬಿಟ್ಕೊಳುತ್ತೆ, ಅಮ್ಮ ಇರ್ತಾಳೆ. ನೀನೇ ಹೇಳ್ತೀಯಲ್ಲ, ಎಣ್ಣೆ ಬಣ್ಣದ ಮೇಲೆ ಕೂರಲ್ಲ ಅಂತ."

"ಹೂಂ."

"ಹೂಂ ಅಂದ್ರೆ?"

"ಕೆರೆಯಲ್ಲ ಹೋಗೇ."

ಮಾರನೆಯ ದಿನ ಹುಡುಗಿ ತರಗತಿಯಲ್ಲಿದ್ದಳು. ಮೇಸ್ತ್ರಿ ಗೋಡೆಯ ಮುಂದೆ ಬಕೆಟ್ ಇಟ್ಟ, ಕುಂಚ ಅದ್ದಿದ. ಎದುರಿನ ಟೀ ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದೆವು. ನಮ್ಮ ಜೊತೆಗಿದ್ದ ಪೇಂಟ್ ಗುತ್ತಿಗೆದಾರ ಕಾಲ ಮೇಲೆ ಕಾಲು ಹಾಕಿಕೊಂಡು ಶುರುಮಾಡಿದ.

"ಏನಜ್ಜ, ಕೆರೆಯೋದಿಲ್ವಾ? ರಟ್ಟೆ ಸೋತುಹೋಯ್ತಾ?"

ಮೇಸ್ತ್ರಿ ಕುಂಚವನ್ನು ಬಕೆಟ್ಟಿನಲ್ಲಿ ಇನ್ನೊಂದು ಸಲ ತಿರುವಿದ.

"ಸಾಹೇಬ್ರು ಕಪ್ಪು ಕೋಟು ಹಾಕ್ಕೊಂಡು ಬರ್ತಾರಂತೆ. ಒರಗಬೇಡಿ ಅಂತ ಬೋರ್ಡು ಹಾಕು, ಪೊರೆ ಮೇಸ್ತ್ರಿ!"

ಎಲ್ಲರೂ ನಕ್ಕರು. ಸುಳ್ಳು ಹೇಳಬಾರದು, ನಾನೂ ನಕ್ಕೆ.

ಮೇಸ್ತ್ರಿ ಕುಂಚವನ್ನು ಬಕೆಟ್ಟಿನ ಅಂಚಿಗೆ ಒರೆಸಿ ಪಕ್ಕಕ್ಕಿಟ್ಟ. ಚೀಲದಿಂದ ತಗಡು ತೆಗೆದ. ಮೊದಲನೆಯವಳು ಹೋದಳು, ಎರಡನೆಯವಳು ಹೋದಳು. ಬಣ್ಣ ಸುರುಳಿ ಸುರುಳಿಯಾಗಿ ಅವನ ಪಾದದ ಮೇಲೆ ಬೀಳುತ್ತಿತ್ತು. ಮೂರನೆಯವಳನ್ನು ಬಿಟ್ಟು ನಾಲ್ಕನೆಯವಳಿಗೆ ದಾಟಿದ, ಐದನೆಯವಳನ್ನೂ ಮುಗಿಸಿದ. ಮತ್ತೆ ಕುಂಚ ಎತ್ತಿಕೊಂಡ.

"ಆ ಒಬ್ಬಳಿಗೆ ಯಾಕಜ್ಜ ರಿಯಾಯಿತಿ? ಏನು ಸಂಬಂಧ?" ಎಂದ ಗುತ್ತಿಗೆದಾರ.

ಸಂಬಂಧ ನಮಗೆಲ್ಲ ಗೊತ್ತಿತ್ತು. ಟೀ ಲೋಟ ನೋಡುತ್ತಾ ಕೂತೆವು. ಮೇಸ್ತ್ರಿ ಒಂದು ಗಳಿಗೆ ಆ ಮುಖದ ಎದುರು ನಿಂತ. ಆಮೇಲೆ ತಗಡನ್ನು ಎಡ ಹುಬ್ಬಿನ ಮೇಲಿಟ್ಟು ಒತ್ತಿ ಎಳೆದ.

ಕೆಲಸ ಅಂದರೆ ಅದು ಕೆಲಸ. ಗೋಡೆ ಸೋಸಿದ ಹಾಲಿನ ಹಾಗಿತ್ತು. ಮರುದಿನ ಸಾಹೇಬರು ಕಾರಿನಲ್ಲಿ ಬಂದರು, ಬಿಸ್ಕತ್ತು ತಿಂದರು, ಹೋದರು.

ಅಂದು ಸಂಜೆ ಹುಡುಗಿ ಬಕೆಟ್ಟು, ಬಟ್ಟೆ ಹಿಡಿದು ನಗುನಗುತ್ತಾ ಬಂದಳು. ಹಿಂದೆ ಟೀಚರ್, ಐದಾರು ಮಕ್ಕಳು, ಗಿರಣಿ ಅಕ್ಕ. ಮೇಸ್ತ್ರಿ ಟೀ ಅಂಗಡಿಯ ಕಂಬಕ್ಕೆ ಆತು ನಿಂತಿದ್ದ. ಹುಡುಗಿ ಗೋಡೆಯ ನಡುವೆ ಒದ್ದೆ ಬಟ್ಟೆ ಇಟ್ಟು ಉಜ್ಜಿದಳು. ಇನ್ನೂ ಜೋರಾಗಿ ಉಜ್ಜಿದಳು. ಸುಣ್ಣ ಅಲ್ಲಾಡಲಿಲ್ಲ. ಬಗ್ಗಿ, ಗೋಡೆಯ ಬುಡದ ಮಣ್ಣಿನಿಂದ ಬಣ್ಣದ ಒಂದು ಸುರುಳಿ ಎತ್ತಿ ನೋಡಿದಳು. ಮುಖದ ಬಣ್ಣ. ಅವಳಿಗೆ ಅರ್ಥವಾಯಿತು.

ಬಟ್ಟೆ ಬಿಸಾಡಿ, ಸಮವಸ್ತ್ರದ ಕಪ್ಪು ಲಂಗದ ಅಂಚನ್ನು ಹಿಡಿದು ಗೋಡೆಯ ಒಣಗಿದ ಕಡೆ ಉಜ್ಜಿದಳು. ಬೆಳಕಿಗೆ ಹಿಡಿದು ನೋಡಿದಳು. ನೇರ ತಾತನ ಮುಂದೆ ಬಂದು ನಿಂತಳು.

"ಒಂದು ಚುಕ್ಕೇನೂ ಹತ್ತಿಲ್ಲ, ಮೇಸ್ತ್ರಿ. ಕೂಲಿ ಇಸ್ಕೊಳ್ಳಿ."

ಮೇಸ್ತ್ರಿ ಆಮೇಲೆ ನಾಲ್ಕು ವರ್ಷ ಬದುಕಿದ. ಹುಡುಗಿ ಅವನಿಗೆ ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಬಟ್ಟೆ ಒಗೆದಳು, ಕಾಯಿಲೆ ಬಿದ್ದಾಗ ಗಂಜಿ ಕುಡಿಸಿದಳು. ಅವನು ಕೊನೆಯ ವಾರ ಕಣ್ಣು ಬಿಟ್ಟು ಅವಳ ಬಾಯನ್ನೇ ನೋಡುತ್ತಾ ಮಲಗಿದ್ದನ್ನು ನಾನು ಕಂಡಿದ್ದೇನೆ. ಒಂದು ಮಾತಿಗಾಗಿ ಕಾಯುತ್ತಿದ್ದ. ಅವಳು ತಟ್ಟೆ ತಂದು ಪಕ್ಕದಲ್ಲಿಟ್ಟು, ಹೊರಗಿನವರಿಗೆ ಹೇಳುವಷ್ಟೇ ಮರ್ಯಾದೆಯಿಂದ ಹೇಳಿದಳು:

"ಏಳಿ, ಮೇಸ್ತ್ರಿ. ಊಟ ಮಾಡಿ."