ಹುಬ್ಬು ಬಂತು, ಹಾಜರಿ ಹೋಯಿತು

ಮೊದಲ ಸಲ ಬರೆಯುತ್ತಿದ್ದೇನೆ, ಹೇಳುವುದು ಹಿಂದುಮುಂದಾದರೆ ಕ್ಷಮಿಸಿ. ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ನಾನು ಫಿಟರ್. ನಮ್ಮ ಗೇಟಿನಲ್ಲಿ ಮುಖ ನೋಡಿ ಹಾಜರಿ ಹಾಕುವ ಮೆಷಿನ್ ಇದೆ. ಕೀಮೋ ಮುಗಿಸಿ ಮರಳಿದಾಗ ಅದಕ್ಕೆ ನನ್ನ ಗುರುತು ಸಿಗಲಿಲ್ಲ, ಕೆಂಪು ದೀಪ ಹತ್ತಿತು. ತಲೆಗೂದಲು, ಹುಬ್ಬು, ರೆಪ್ಪೆಗೂದಲು ಯಾವುದೂ ಇರಲಿಲ್ಲ. (ರೆಪ್ಪೆಗೂದಲು ಇಲ್ಲದಿದ್ದರೆ ಧೂಳು ನೇರ ಕಣ್ಣಿಗೇ ಬೀಳುತ್ತದೆ, ಗೊತ್ತಿಲ್ಲದವರಿಗೆ ಹೇಳಿದೆ.) ಆಫೀಸಿನವರು ಆ ಬೋಳು ಮುಖದ್ದೇ ಹೊಸ ಫೋಟೋ ತೆಗೆದು ಮೆಷಿನ್‌ಗೆ ಹಾಕಿದರು.

ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ಮತ್ತೆ ಕೆಂಪು ದೀಪ. ಹಾಜರಿ ಬೀಳದಿದ್ದರೆ ಅರ್ಧ ದಿನದ ರಜೆ ಕಡಿತ. ನನ್ನ ರಜೆಯೆಲ್ಲ ಆಸ್ಪತ್ರೆಯಲ್ಲೇ ಮುಗಿದಿತ್ತು, ಇನ್ನೊಂದಾದರೆ ಕೆಲಸಕ್ಕೇ ಕುತ್ತು.

ವಿಜಯಪುರದ ಕಡೆಯ ಹೊಸ ವಾಚ್‌ಮನ್ ಮೆಹಬೂಬ ನನ್ನನ್ನೂ ಪರದೆಯ ಮೇಲಿನ ಫೋಟೋವನ್ನೂ ನೋಡಿದ.

"ಕಾಕಾ, ಫೋಟೋದಾಗ ಹುಬ್ಬ ಇಲ್ಲಲ್ರೀ!"

"ಆಗ ಇರಲಿಲ್ಲ ಮಾರಾಯ, ಕೀಮೋ ಆಗಿತ್ತು."

"ಈಗ ಬಂದಾವಲ್ರೀ! ಮಷೀನಿಗೆ ಯಾರೂ ಹೇಳಿಲ್ಲ, ಪಾಪ. ಬೆರಳಿಲೆ ಮುಚ್ಚಿ ನಿಲ್ರಿ."

ದಿನಾ ಕನ್ನಡಿ ಹಿಡಿದು ಕಾದು ಪಡೆದ ಹುಬ್ಬು. ಮುಚ್ಚಲು ಮನಸ್ಸಾಗಲಿಲ್ಲ, ಆದರೂ ಮುಚ್ಚಿದೆ. ಹಸಿರು ದೀಪ ಬಂತು. ಹಿಂದೆ ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಅಂದೇ ಇನ್ನೊಂದು ಫೋಟೋ ತೆಗೆಸಿದೆ. ಆದರೆ ಇವತ್ತು ಮತ್ತೆ ಕೆಂಪು ದೀಪ. ಹಾಗಾಗಿ ಗೇಟಿನ ಬೆಂಚಿನಲ್ಲಿ ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ. ಯಾಕೆ ಎಂದು ವಿವರಿಸುವುದಾದರೆ, ನನಗೆ ಮೊದಲು ಬಂದದ್ದು ರೆಪ್ಪೆಗೂದಲು, ಆಮೇಲೆ ಹುಬ್ಬು, ಅದಾದ ಮೇಲೆ...

ಇರಿ, ಮೆಹಬೂಬ ಕೂಗುತ್ತಿದ್ದಾನೆ.

"ಕಾಕಾ, ಫೋಟೋದಾಂವ ಬಂದಾನ, ಮೀಸಿ ತಿದ್ಕೊಂಡ ಬರ್ರಿ!"