ನಾಡಿ ಇಲ್ಲದವಳು ಕುಬುಸಕ್ಕೆ ಹೋದದ್ದು

ನ್ಯಾಮತಿಯಲ್ಲಿ ಬೆಳಗಿನ ಬಸ್ಸು ಹತ್ತುವಾಗ ನನ್ನ ಹೆಗಲಿಗೆ ಬ್ಯಾಟರಿಯ ಚೀಲವಿತ್ತು, ಸೊಂಟಕ್ಕೆ ಅಂಗೈಯಗಲದ ಕಂಟ್ರೋಲರ್. ಬದಲಿ ಬ್ಯಾಟರಿ, ಚಾರ್ಜರ್ ಯಜಮಾನರ ಕೈಯಲ್ಲಿ, ಅದರ ಜೊತೆಗೇ ಹಸಿರು ಸೀರೆ, ಬಳೆ, ಕೊಬ್ಬರಿ. ಜಗಳೂರಿಗೆ ಕುಬುಸಕ್ಕೆ ಹೊರಟಿದ್ದೆವು. ಅಕ್ಕ ತೀರಿಕೊಂಡ ಮೇಲೆ ನಾನೇ ಸಾಕಿದ ಅವಳ ಮಗಳು ಸುಮಾ ಈಗ ಏಳು ತಿಂಗಳ ಬಸುರಿ. ಉಡಿ ತುಂಬಿ, ಚೊಚ್ಚಲ ಹೆರಿಗೆಗೆ ಮನೆಗೆ ಕರೆತರುವುದು ತವರಿನವರ ಕೆಲಸ. ಅವಳಿಗೆ ತವರೆಂದರೆ ನಾನೇ.

ಚನ್ನಗಿರಿಯಿಂದ ಯಜಮಾನರ ಅಕ್ಕ ಹಿಂದಿನ ದಿನವೇ ಫೋನಿನಲ್ಲಿ ಬೈದಿದ್ದರು. "ಎದೆಯಾಗೆ ಮೋಟ್ರು ಇಟ್ಕಂಡು ಊರೂರು ತಿರುಗಾಕೆ ಹೊಂಟೀಯಲ್ಲ, ತಲೆ ನೆಟ್ಟಗೈತಾ?"

"ತಲೆ ನೆಟ್ಟಗೈತೆ ಅತ್ತಿಗೆ, ಕೆಟ್ಟಿದ್ದು ಎದೆ ಅಷ್ಟೇ" ಎಂದು ಫೋನಿಟ್ಟಿದ್ದೆ.

ಕಂಡಕ್ಟರ್ ಆಧಾರ್ ನೋಡಿ ನನಗೆ ಉಚಿತ ಟಿಕೆಟ್ ಹರಿದುಕೊಟ್ಟು ಚೀಲದತ್ತ ಕಣ್ಣು ಹಾಯಿಸಿದ. "ಲಗೇಜ್ ಏನ್ರಮ್ಮಾ ಅದು?"

"ಲಗೇಜಲ್ಲಪ್ಪ, ನನ್ನ ಹೃದಯ. ಅದೂ ಹೆಂಗಸರದ್ದೇ, ಫ್ರೀ ಬಿಡು."

ಹೊನ್ನಾಳಿ ಬಿಟ್ಟು ಸೇತುವೆ ದಾಟುವಾಗ ಹೊಳೆಯಲ್ಲಿ ನೀರು ಕಡಿಮೆ ಇತ್ತು, ತಣ್ಣನೆ ಗಾಳಿ. ಕಂಡಕ್ಟರಿಗೆ ಹೇಳಿದ್ದು ಸುಳ್ಳೇನಲ್ಲ. ನನ್ನ ಹೃದಯ ಸೋತು ಕೂತಾಗ ಬೆಂಗಳೂರಿನ ಡಾಕ್ಟರು ಅದಕ್ಕೊಂದು ಪಂಪು ಜೋಡಿಸಿದರು. ಅದರ ವೈರು ಹೊಟ್ಟೆಯಿಂದ ಹೊರಗೆ ಬಂದು ಕಂಟ್ರೋಲರಿಗೆ ಸೇರುತ್ತದೆ. ಕೈಬೋರಿನ ನೀರು ಬಿಟ್ಟುಬಿಟ್ಟು ಚಿಮ್ಮುತ್ತದೆ, ಮೋಟರಿನ ನೀರು ಒಂದೇ ಸಮ ಹರಿಯುತ್ತದೆ. ನನ್ನ ರಕ್ತ ಮೋಟರಿನ ನೀರು. ಹಾಗಾಗಿ ಮಣಿಕಟ್ಟು ಹಿಡಿದರೆ ನಾಡಿ ಸಿಗುವುದಿಲ್ಲ.

ದಾವಣಗೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಜಗಳೂರಿನ ಬಸ್ಸು ಹಿಡಿದೆವು. ಹಿಂದಿನ ಸೀಟಿನ ಶೇಂಗಾ ವ್ಯಾಪಾರಿ ಮಾತಿಗೆಳೆದ. ಸುಮಾಳ ಅತ್ತೆ ಗಂಗಮ್ಮನವರ ಹೆಸರು ಹೇಳಿದ್ದೇ, "ನಮ್ಮ ಓಣಿಯೋರೇ ಬಿಡ್ರಿ" ಎಂದ. ಬಿಸಿಲೇರಿತು, ನನಗೆ ನಿದ್ದೆ ಹತ್ತಿತು. ಬಿಳಿಚೋಡಿನಲ್ಲಿ ಬಸ್ಸು ನಿಂತಾಗ ಯಜಮಾನರು ನೀರು ತರಲು ಇಳಿದರಂತೆ. ನನ್ನ ತಲೆ ಕಿಟಕಿಗೆ ವಾಲಿದ್ದು ಕಂಡು ವ್ಯಾಪಾರಿ ಕೂಗಿದ್ದಾನೆ, ನಾನು ಏಳಲಿಲ್ಲ. ಕೈ ಹಿಡಿದು ನೋಡಿದ್ದಾನೆ, ನಾಡಿ ಇಲ್ಲ.

ಕಣ್ಣು ಬಿಟ್ಟಾಗ ಬಸ್ಸು ಅರ್ಧ ಖಾಲಿ. ಒಬ್ಬ ಅಜ್ಜಿ ನನ್ನನ್ನೇ ನೋಡುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಯಾರು ಹೋಗಿದ್ದು?" ಎಂದೆ.

ಅಜ್ಜಿ ಕಿಟಾರನೆ ಕಿರುಚಿದಳು. ವ್ಯಾಪಾರಿ ಕೈಯಲ್ಲಿ ಫೋನು ಹಿಡಿದು ಬೆವೆತಿದ್ದ. ಪುಣ್ಯಾತ್ಮ ಆಗಲೇ ಗಂಗಮ್ಮನವರ ಮನೆಗೆ ನನ್ನ ಸಾವು ಮುಟ್ಟಿಸಿಬಿಟ್ಟಿದ್ದ. ಯಜಮಾನರು ಎಷ್ಟು ಸಲ ಮಾಡಿದರೂ ಆ ಮನೆಯ ಫೋನುಗಳೆಲ್ಲ ಬಿಜಿ. ಸಾವಿನ ಸುದ್ದಿ ಹಂಚುವ ಗಡಿಬಿಡಿಯಲ್ಲಿ ಬದುಕಿದ್ದೇನೆ ಅನ್ನುವವರ ಫೋನು ಯಾರೆತ್ತುತ್ತಾರೆ?

ಜಗಳೂರಿನ ಮನೆಯಲ್ಲಿ ಒಲೆ ಆರಿಸಿ, ಹೂರಣ ಅರ್ಧಕ್ಕೇ ಬಿಟ್ಟಿದ್ದರು. ಸುಮಾ ಓಡಿ ಬಂದು ತಬ್ಬಿಕೊಂಡು ಗಳಗಳನೆ ಅತ್ತಳು. ನಾನು ಮೊದಲು ಕೇಳಿದ್ದು ಪ್ಲಗ್ ಪಾಯಿಂಟ್. ಬ್ಯಾಟರಿ ಚಾರ್ಜಿಗೆ ಹಾಕಿ ತಿರುಗಿದರೆ ಗಂಗಮ್ಮನವರು ನಡುಮನೆಯ ಬಾಗಿಲಿಗೆ ಅಡ್ಡ ನಿಂತಿದ್ದರು.

"ಬೇಜಾರು ಮಾಡ್ಕಬ್ಯಾಡ್ರಿ. ಸತ್ತ ಸುದ್ದಿ ಹೊಸಲು ದಾಟಿ ಬಂದೈತೆ. ತಲೆಗೆ ನೀರು ಹೊಯ್ಕಂಡು ಬರ್ರಿ, ಆಮ್ಯಾಲೆ ಉಡಿ. ಇಲ್ಲಂದ್ರೆ ಸೂತಕದ ಮನೆಗೆ ಬಸುರಿನ ಕಳ್ಸಾಕೆ ನಂಗೆ ಧೈರ್ಯ ಇಲ್ಲ."

ತಲೆಗೆ ನೀರು ಹೊಯ್ದುಕೊಳ್ಳುವುದು ನನಗೆ ಸಲ್ಲದು. ಹೊಟ್ಟೆಯಲ್ಲಿ ವೈರು ಹೊರಬರುವ ಗಾಯ ಒದ್ದೆಯಾಗಿ ಕೀವಾದರೆ ಮತ್ತೆ ಆಸ್ಪತ್ರೆ, ಆಮೇಲೆ ಏನೋ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡೇ ದಿನ ತೆಗೆಯುತ್ತಿರುವವಳು ನಾನು. ಯಜಮಾನರು ಮೆಲ್ಲಗೆ "ವಾಪಸ್ ಹೋಗೋಣೇನೆ?" ಎಂದರು. ನನಗೆ ಅಡಿಯಿಂದ ಮುಡಿಯವರೆಗೆ ಸಿಟ್ಟು ಬಂತು.

"ಬೀಗರೇ, ಒಂದು ಮಾತು ಹೇಳ್ರಿ. ಸೂತಕ ಸತ್ತೋರಿಗೋ, ಉಳಿದೋರಿಗೋ?"

"ಉಳಿದೋರಿಗೆ."

"ಮತ್ತೆ? ಸತ್ತೋಳು ನಾನು, ಸೂತಕ ನಿಮಗೆ. ತಲೆಗೆ ನೀರು ನೀವು ಹೊಯ್ಕಳ್ರಿ. ನಾನು ಇಲ್ಲೇ ಕುಂತಿರ್ತೀನಿ. ಹುಡುಗೀನ ಕರ್ಕಂಡೇ ಹೋಗೋದು."

ನಾಲ್ಕೈದು ಹೆಂಗಸರು ಸೆರಗಿನೊಳಗೇ ನಕ್ಕರು. ಗಂಗಮ್ಮನವರು ನಗಲಿಲ್ಲ. ಸರ್ರನೆ ತಿರುಗಿ ಒಳಗೆ ಹೋದರು. ಕೆಲಸ ಕೆಟ್ಟಿತು ಅಂದುಕೊಂಡೆ. ಅಷ್ಟರಲ್ಲಿ ಬಚ್ಚಲಿನಿಂದ ದಬದಬ ನೀರು ಸುರಿಯುವ ಸದ್ದು. ಕೂದಲಿಂದ ನೀರಿಳಿಯುತ್ತಲೇ ಹೊರಬಂದವರು, ಒಲೆ ಹಚ್ಚಲು ಹೇಳಿ, ಅಕ್ಕಿಯ ಮೊರವನ್ನು ತಾವೇ ತಂದು ನನ್ನ ಮುಂದಿಟ್ಟರು.

"ಹೂಂ, ನ್ಯಾಯ ನಿಮ್ಮ ಕಡೆನೇ ಐತೆ. ತುಂಬ್ರಿ."

ಸುಮಾ ಸೆರಗೊಡ್ಡಿದಳು. ಅಕ್ಕಿ, ಕೊಬ್ಬರಿ, ಅರಿಸಿನದ ಕೊಂಬು ಹಾಕಿ, ಅವಳ ಕೈಗೆ ಬಳೆ ತೊಡಿಸಿದೆ.

ಊಟಕ್ಕೆ ಹೋಳಿಗೆ, ರೊಟ್ಟಿ, ಎಣ್ಣೆಗಾಯಿ. ಮರುದಿನ ಬೆಳಿಗ್ಗೆ ಮೂವರೂ ಬಸ್ ಸ್ಟ್ಯಾಂಡಿಗೆ ಬಂದೆವು. ಗಂಗಮ್ಮನವರು ಜೊತೆಗೇ ಬಂದು, ಸುಮಾಳನ್ನು ಕಿಟಕಿ ಪಕ್ಕ ಕೂರಿಸಿ ಕೆಳಗಿಳಿದು ನಿಂತರು. ಬಸ್ಸು ಸ್ಟಾರ್ಟ್ ಆದಾಗ ಕಿಟಕಿಯ ಸರಳು ಹಿಡಿದು ನನಗೇ ಹೇಳಿದರು.

"ತೊಟ್ಟಿಲಿಗೆ ಹಾಕಾಕೆ ನಾನೇ ಬರ್ತೀನಿ. ಅವತ್ತು ನೀವು ಇರ್ಬೇಕು ಮತ್ತೆ."

"ನಾನಿರ್ತೀನ್ರಿ" ಎಂದೆ. "ನೀವು ಹುಷಾರಾಗಿರ್ರಿ."